ಬನ್ನಿ, ಜೈಲಿನಲ್ಲಿ ಕೂಗಿ

ಕೋಲಾರದ ವೇಮಗಲ್ ರೈತನಿಗೆ ಸರ್ಕಾರದ ಮೇಲೆ ಸಿಟ್ಟು ಬಂದರೆ ಏನು ಮಾಡಬೇಕು? ನರಸಾಪುರಕ್ಕೆ ಬಂದು ಹೆದ್ದಾರಿ ಹಿಡಿಯಬೇಕು. ಬೆಂಗಳೂರಿನ ಮೆಜೆಸ್ಟಿಕ್‌ನಲ್ಲಿ ಇಳಿಯಬೇಕು. ಅಲ್ಲಿಂದ ಶೇಷಾದ್ರಿ ರಸ್ತೆಯ ಹಳೇ ಸೆಂಟ್ರಲ್ ಜೈಲಿಗೆ ಹೋಗಬೇಕು. ತಪ್ಪು ಮಾಡಿ ಅಲ್ಲ, ಪೊಲೀಸರಿಗೆ ಅರ್ಜಿ ಕೊಟ್ಟು.

ಅದೀಗ ಫ್ರೀಡಂ ಪಾರ್ಕ್. 2000ದಲ್ಲಿ ಕೈದಿಗಳನ್ನು ಪರಪ್ಪನ ಅಗ್ರಹಾರಕ್ಕೆ ಸಾಗಿಸಿದರು. 2008ರಲ್ಲಿ ಪಾರ್ಕ್ ತೆರೆದರು. ಕಾವಲು ಗೋಪುರ ಹಾಗೇ ಉಳಿಯಿತು. ಕೈದಿಗಳ ಜಾಗಕ್ಕೆ ಮತದಾರ ಬಂದ.

ತುರ್ತುಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿ ಇದ್ದದ್ದು ಇಲ್ಲೇ. 'ಸಂಸ್ಕಾರ' ಚಿತ್ರದ ನಟಿ ಸ್ನೇಹಲತಾ ರೆಡ್ಡಿ ಆಸ್ತಮಾದಿಂದ ನರಳಿದ್ದೂ ಇಲ್ಲೇ. ಹೊರಬಂದ ಕೆಲವೇ ದಿನಕ್ಕೆ, 1977ರ ಜನವರಿಯಲ್ಲಿ, ತೀರಿಕೊಂಡರು. ಪ್ರತಿ ಜೂನ್‌ನಲ್ಲಿ ತಪ್ಪದೆ ಆ ಕರಾಳ ದಿನಗಳನ್ನು ನೆನೆಯುತ್ತದೆ ಬಿಜೆಪಿ. ಅದರದೇ ಸರ್ಕಾರವಿದ್ದಾಗ ಬಂದ 2021ರ ಆದೇಶ: ಬೆಂಗಳೂರಿನ ಪ್ರತಿಭಟನೆಯೆಲ್ಲ ಈ ಕಾಂಪೌಂಡಿನೊಳಗೇ ನಡೆಯಲಿ.

2022ರಲ್ಲಿ ಮುಖ್ಯಮಂತ್ರಿ ಮನೆ ಕಡೆ ಮೆರವಣಿಗೆ ಹೊರಟು ಕೇಸು ಹಾಕಿಸಿಕೊಂಡವರು ಸಿದ್ದರಾಮಯ್ಯ. 2023ರಲ್ಲಿ ತಾವೇ ಮುಖ್ಯಮಂತ್ರಿಯಾದರು. ಆದೇಶದ ಕೂದಲೂ ಕೊಂಕಲಿಲ್ಲ.

ಕಾರಣ ಕೇಳಿದರೆ ಟ್ರಾಫಿಕ್. ಸರಿ. 2025ರ ಜೂನ್ 4ರಂದು ಐಪಿಎಲ್ ಕಪ್ ಗೆದ್ದ ಆರ್‌ಸಿಬಿಯವರಿಗೆ ವಿಧಾನಸೌಧದ ಮೆಟ್ಟಿಲ ಮೇಲೇ ಸನ್ಮಾನ ಮಾಡಿದರಲ್ಲ, ಆಗ ಟ್ರಾಫಿಕ್ ಎಲ್ಲಿ ಹೋಗಿತ್ತು? ಅದೇ ದಿನ ಚಿನ್ನಸ್ವಾಮಿ ಕ್ರೀಡಾಂಗಣದ ಗೇಟಿನ ಬಳಿ 11 ಜನ ಕಾಲ್ತುಳಿತಕ್ಕೆ ಸತ್ತರು. ಸಂಭ್ರಮಕ್ಕೆ ಮೆಟ್ಟಿಲು, ಸಂಕಟಕ್ಕೆ ಜೈಲು.

ಲಂಡನ್ನಿನ ಟ್ರಫಾಲ್ಗರ್ ಚೌಕದಲ್ಲೂ 1887ರಲ್ಲಿ ಪ್ರತಿಭಟನೆಗೆ ಬಂದವರನ್ನು ಪೊಲೀಸರು ಬಡಿದಟ್ಟಿದರು. ಸಭೆಗಳಿಗೆ ನಿಷೇಧ ಬಿತ್ತು. 1892ರಲ್ಲಿ ಅದನ್ನು ಸಡಿಲಿಸಿದರು. ಬ್ರಿಟಿಷರು ತಮ್ಮ ಜನಕ್ಕೆ ಚೌಕ ಬಿಟ್ಟುಕೊಟ್ಟರು. ನಾವು ಓಟು ಹಾಕಿ ಕೂರಿಸಿದವರು ಆ ಬ್ರಿಟಿಷರ ಕಾಲದ ಜೈಲನ್ನು ನಮಗೆ ಕೊಟ್ಟರು.

ಒಳಗೆ ಶಾಮಿಯಾನ, ಪ್ಲಾಸ್ಟಿಕ್ ಕುರ್ಚಿ, ಮೈಕ್ ಸೆಟ್. ಕೂಗಿ ಕೂಗಿ ಗಂಟಲು ಕಟ್ಟಿದ ಮೇಲೆ ಯಾರೋ ಒಬ್ಬ ಅಧಿಕಾರಿ ಬರುತ್ತಾರೆ. ಮನವಿ ಪತ್ರ ಇಸಿದುಕೊಂಡು ಫೋಟೋಗೆ ನಿಲ್ಲುತ್ತಾರೆ. 'ಮೇಲಿನವರ ಗಮನಕ್ಕೆ ತರ್ತೀವಿ' ಅನ್ನುತ್ತಾರೆ. ಮೇಲಿನವರಿಗೆ ಗೋಡೆಯಾಚೆಯ ಹಾರನ್ ಕೇಳುತ್ತದೆ, ಈಚೆಯ ಘೋಷಣೆ ಕೇಳುವುದಿಲ್ಲ.

ನಾವು ಕೇಳುವುದಾದರೂ ಏನು? 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರು ಎರಡು ಹಂತ ಶುದ್ಧವಾಗಿ ನಮ್ಮ ಕೆರೆಗಳಿಗೆ ಬರುತ್ತಿದೆ. ಮೂರನೇ ಹಂತವನ್ನೂ ಮುಗಿಸಿ ಬಿಡ್ರಪ್ಪ ಅಂತೀವಿ, ಅಷ್ಟೇ.

ಬೆಂಗಳೂರಿನ ಕೊಳಚೆಗೆ ಕೋಲಾರದ ಕೆರೆಕೆರೆಗೂ ದಾರಿಯಿದೆ. ಕೋಲಾರದವನ ಕೂಗಿಗೆ ಬೆಂಗಳೂರಿನಲ್ಲಿ ಒಂದೇ ಗೇಟು. ಅದೂ ಜೈಲಿನದು.