ಕಿತ್ತಳೆ, ಕೆಂಪು, ಹಳದಿ ಮತ್ತು ಮೈಲುತುತ್ತು

ಆಟಿ ತಿಂಗಳಲ್ಲಿ ಪುತ್ತೂರು ಕಡೆಯ ಅಡಿಕೆ ಬೆಳೆಗಾರ ದೇವರಿಗೆ ದೀಪ ಹಚ್ಚುವ ಮೊದಲು ಮೊಬೈಲು ನೋಡುತ್ತಾನೆ. ಸೋಮವಾರ ಕಿತ್ತಳೆ, ಮಂಗಳವಾರ, ಬುಧವಾರ ಕೆಂಪು, ಗುರುವಾರ ಹಳದಿ. ಇದರಲ್ಲಿ ಮಕ್ಕಳು ಶಾಲೆಯ ರಜೆ ಹುಡುಕುತ್ತಾರೆ. ನನ್ನಾಕೆ, ಹೋಗಲಿರುವ ಕರೆಂಟನ್ನು ಲೆಕ್ಕ ಹಾಕಿ ದೋಸೆಗೆ ಇವತ್ತೇ ಅರೆದಿಡುತ್ತಾಳೆ. ನಾನು ಹುಡುಕುವುದು ಒಂದು ಹೊಳವು. ಅರ್ಧ ದಿನ ಮಳೆ ಬಿಟ್ಟರೆ ಎರಡನೇ ಸಲದ ಮದ್ದು ಬಿಟ್ಟು ಮುಗಿಸಬಹುದು. ತಡವಾದರೆ ಕೊಳೆರೋಗ ಬಂದು ಎಳೆ ಅಡಿಕೆಯೆಲ್ಲ ಮರದ ಬುಡಕ್ಕೆ.

ಹವಾಮಾನ ಇಲಾಖೆಯ ಲೆಕ್ಕದಲ್ಲಿ ದಿನಕ್ಕೆ 64.5 ಮಿಲಿಮೀಟರು ಮುಟ್ಟಿದರೆ ‘ಭಾರೀ’, 115.6 ಆದರೆ ‘ಅತಿ ಭಾರೀ’, 204.4 ದಾಟಿದರೆ ‘ಅತ್ಯಂತ ಭಾರೀ’. ನಮ್ಮೂರ ವಾಟ್ಸಾಪ್ ಬಳಗದಲ್ಲಿ ಈ ಅಂಕಿಗಳಿಗೆ ಮಾನಮರ್ಯಾದೆಯ ಸಂಬಂಧವೂ ಇದೆ. ಎಲ್ಲರ ಅಂಗಳದಲ್ಲೂ ಮಳೆಮಾಪಕ. ನಾನು 112 ಎಂದು ಹಾಕಿದರೆ ಮೇಲಿನಮನೆ ಭಾವ ತಡಮಾಡದೆ 118 ಎನ್ನುತ್ತಾನೆ. ನನ್ನದು ಬರೀ ಭಾರೀ, ಅವನದು ಅತಿ ಭಾರೀ. ನಡುವೆ ಇರುವುದು ಒಂದೇ ಬೇಲಿ.

ಮದ್ದು ಬಿಡುವವನಿಗೆ ಫೋನು ಮಾಡಿದೆ. “ಮಂಗಳವಾರ ಬರ್ಲಾ ಭಟ್ರೇ?” ಎಂದ. “ರೆಡ್ ಅಲರ್ಟ್ ಮಾರಾಯ! ಗುರುವಾರ ಬಾ” ಎಂದೆ. ಅವನು ಒಂದು ಗಳಿಗೆ ಸುಮ್ಮನಿದ್ದು, “ಆಯ್ತು” ಎಂದ. ಓದಿದವರ ಹತ್ತಿರ ವಾದ ಮಾಡಬಾರದೆಂಬ ಮೌನ ಅದು.

ಮಂಗಳವಾರ ಶಾಲೆಗೆ ರಜೆ ಸಿಕ್ಕಿತು. ಹತ್ತು ಗಂಟೆಗೆ ಬಿಸಿಲೂ ಬಂತು. ಮಕ್ಕಳು ಅಂಗಳದಲ್ಲಿ ಕ್ರಿಕೆಟ್ಟು ಆಡಿದರು. ಬೇಲಿಯಾಚೆಯಿಂದ ಪಂಪಿನ ಸದ್ದು ಕೇಳಿಸಿತು. ಇಣುಕಿದರೆ ನಮ್ಮವನೇ, ಭಾವನ ತೋಟದ ಮರದ ತುದಿಯಲ್ಲಿ! ತಪ್ಪು ಬಣ್ಣದ್ದಲ್ಲ ಬಿಡಿ. ಅದು ಕಡಲಿನಿಂದ ಘಟ್ಟದ ಬುಡದವರೆಗೆ ಇಡೀ ಜಿಲ್ಲೆಗೆ ಹೇಳಿದ ಎಚ್ಚರಿಕೆ. ನನ್ನ ಒಂದೂವರೆ ಎಕರೆಯ ಮೇಲಿನ ಆಕಾಶಕ್ಕೆ ಬೇರೆ ಬಣ್ಣ ಹಚ್ಚಲು ಯಾರಿಗೆ ಪುರುಸೊತ್ತು?

ಗುರುವಾರ ಬೆಳಗ್ಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರು ನೀರಿನ ಲೆಕ್ಕದಲ್ಲಿ ಬೋರ್ಡೋ ದ್ರಾವಣ ಸಿದ್ಧವಾಯಿತು. ಪಾಕ ನೋಡಲು ಉಜ್ಜಿದ ಕತ್ತಿಯನ್ನು ಅದ್ದಿದೆ. ಅಲಗು ಕೆಂಪಾದರೆ ಸುಣ್ಣ ಸಾಲದು ಎಂದರ್ಥ. ನನ್ನ ಒಂದೂವರೆ ಎಕರೆಯಲ್ಲಿ ಎಂದೂ ಹುಸಿಯಾಗದ ರೆಡ್ ಅಲರ್ಟ್ ಅದೊಂದೇ. ಕೆಂಪಾಗಲಿಲ್ಲ. ಅವನು ಮೊದಲ ಮರ ಹತ್ತಿ ಅರ್ಧ ಮುಟ್ಟುವಷ್ಟರಲ್ಲಿ ಪಡುವಣದಿಂದ ಮಳೆ ಸುರಿಯಿತು. ಹಳದಿ ಎಂದರೆ ಮಳೆಯಿಲ್ಲ ಎಂದು ಯಾರೂ ಹೇಳಿರಲಿಲ್ಲ. ಹಾಗೆ ಓದಿಕೊಂಡವನು ನಾನು.

ಜಾರಿ ಇಳಿದ ಅವನು ಚಹಾ ಕುಡಿದು, ಬಾಡಿಗೆ ಪಂಪನ್ನೂ ಅರ್ಧ ಸಂಬಳವನ್ನೂ ತೆಗೆದುಕೊಂಡು ಹೋದ. ಅಂದಂದೇ ಮುಗಿಸಬೇಕಾದ ದ್ರಾವಣ ಡ್ರಮ್ಮಿನ ತುಂಬ ಉಳಿಯಿತು, ಯಾವ ಮುನ್ಸೂಚನೆಯಲ್ಲೂ ಇಲ್ಲದ ತಿಳಿನೀಲಿ ಬಣ್ಣದಲ್ಲಿ.

ಮರುದಿನ ಎಂಟೂವರೆಗೆ ಮಾಪಕ ನೋಡಿದೆ. 66. ಭಾರೀ! ಅಷ್ಟಾದರೂ ಇರಲಿ ಎಂದು ಬಳಗದಲ್ಲಿ ಹಾಕಿದೆ. ಭಾವನ ಉತ್ತರ ಬಂತು: “ನಮ್ಮಲ್ಲಿ 71. ಮದ್ದು ಆಯ್ತಾ?”