ಮೆಂಬರ್ ಆದ್ರೆ ಏನು ಸಿಗುತ್ತೆ, ರಾಯರೇ?

ರಾಯರೇ, ಗಿಡಕ್ಕೆ ಹಾಕಿದ ನೀರು ಸಾಕು, ಪೈಪು ಅಲ್ಲಿಟ್ಟು ಸ್ವಲ್ಪ ಈ ಕಡೆ ಬನ್ನಿ. ನಿನ್ನೆ ಕೇಳಿದಿರಲ್ಲ, "ಆ ಮಿಥಿಕ್ ಸೊಸೈಟಿಗೆ ಮೆಂಬರ್ ಆದ್ರೆ ನಮ್ಮಂಥವರಿಗೆ ಏನು ಸಿಗುತ್ತೆ" ಅಂತ. ಗೇಟಿನ ಹತ್ರ ನಿಂತು ಒಂದು ಮಾತಲ್ಲಿ ಹೇಳಿ ಮುಗಿಸೋ ವಿಷಯ ಅಲ್ಲ ಅದು, ಅದಕ್ಕೇ ಕರೆದೆ.

ನೃಪತುಂಗ ರಸ್ತೆಯಲ್ಲಿ ಡೇಲಿ ಮೆಮೊರಿಯಲ್ ಹಾಲ್ ನೋಡಿದೀರಲ್ಲ? ನೂರು ವರ್ಷ ದಾಟಿದ ಕಟ್ಟಡ. 1909ರಲ್ಲಿ ಎಫ್.ಜೆ. ರಿಚರ್ಡ್ಸ್ ಅನ್ನೋ ಅಧಿಕಾರಿ ಮತ್ತೆ ಆಸಕ್ತಿ ಇದ್ದ ಕೆಲವರು ಕೂಡಿ ಕಟ್ಟಿದ ಈ ಸಂಘ ಇರೋದು ಅಲ್ಲೇ. ಒಳಗೆ ಒಳ್ಳೆ ಲೈಬ್ರರಿ ಇದೆ, ಉಪನ್ಯಾಸ ನಡೀತವೆ, ಶುರುವಾದ ವರ್ಷದಿಂದ ಬರ್ತಿರೋ ತ್ರೈಮಾಸಿಕ ಪತ್ರಿಕೆ ಇದೆ. ಅಲ್ಲಿಗೆ ಹೋಗಿಬಂದು ಮಾಡಿದರೆ ಹೊರಗಿನ ಸುದ್ದಿಗಳೂ ಕಿವಿಗೆ ಬೀಳ್ತವೆ. ಕರ್ನಾಟಕ ಇತಿಹಾಸ ಅಕಾಡೆಮಿ ವರ್ಷಕ್ಕೊಂದು ಸಮ್ಮೇಳನ ಮಾಡುತ್ತೆ, ಅಲ್ಲಿ ಓದಿದ ಪ್ರಬಂಧಗಳು 'ಇತಿಹಾಸ ದರ್ಶನ'ದಲ್ಲಿ ಅಚ್ಚಾಗ್ತವೆ. ಸಾಹಿತ್ಯ ಪರಿಷತ್ತು ಶಾಸನಶಾಸ್ತ್ರದಲ್ಲಿ ಡಿಪ್ಲೊಮಾ ನಡೆಸುತ್ತೆ, ಆಸಕ್ತಿ ಇದ್ದರೆ ಹಳಗನ್ನಡದ ಲಿಪಿ ಓದೋದು ಕಲೀಬಹುದು. ನಿಮ್ಮ ಮೊಮ್ಮಗಳು ಇತಿಹಾಸದಲ್ಲಿ ಎಂ.ಎ. ಮಾಡ್ತೀನಿ ಅಂತಿದ್ದಾಳಲ್ಲ, ಅವಳಿಗೆ ಒಂದು ಮಾತು ತಿಳಿಸಿ: ಕೇಂದ್ರದ ಪುರಾತತ್ವ ಇಲಾಖೆ ಗ್ರೇಟರ್ ನೋಯ್ಡಾದ ತನ್ನ ಸಂಸ್ಥೆಯಲ್ಲಿ ಎರಡು ವರ್ಷದ ಸ್ನಾತಕೋತ್ತರ ಡಿಪ್ಲೊಮಾ ಕೊಡುತ್ತೆ. ಸೀಟು ಬಹಳ ಕಮ್ಮಿ, ಈಗಿನಿಂದಲೇ ತಯಾರಿ ಬೇಕು. ಶಾಸನದ ಕಡೆ ಒಲವಿದ್ದರೆ ಅಷ್ಟು ದೂರ ಯಾಕೆ ನೋಡಬೇಕು, ಅದೇ ಇಲಾಖೆಯ ಶಾಸನ ವಿಭಾಗದ ಮುಖ್ಯ ಕಚೇರಿ ಇರೋದೇ ನಮ್ಮ ಮೈಸೂರಲ್ಲಿ.

"ಅದೆಲ್ಲ ಪ್ರೊಫೆಸರುಗಳಿಗೆ ಸರಿ ಬಿಡಿ, ನಾನು ಬ್ಯಾಂಕಿನಲ್ಲಿ ಲೆಕ್ಕ ಬರೆದವನು" ಅಂತೀರಿ. ಇಲ್ಲೇ ನಾನು ನಿಮ್ಮ ಮಾತು ಒಪ್ಪಲ್ಲ.

ಮಸ್ಕಿ ಗೊತ್ತಲ್ಲ, ರಾಯಚೂರು ಕಡೆ? ಅಶೋಕನ ಶಾಸನಗಳನ್ನ 1837ರಲ್ಲೇ ಜೇಮ್ಸ್ ಪ್ರಿನ್ಸೆಪ್ ಓದಿದ್ದ. ಆದರೆ ಆಗ ಸಿಕ್ಕಿದ್ದ ಬಂಡೆ, ಕಂಬಗಳಲ್ಲೆಲ್ಲ ಇದ್ದದ್ದು ದೇವಾನಾಂಪ್ರಿಯ, ಪ್ರಿಯದರ್ಶಿ ಅನ್ನೋ ಬಿರುದುಗಳು ಮಾತ್ರ. ಆ ರಾಜ ಅಶೋಕನೇ ಅಂತ ಸಿಂಹಳದ ಗ್ರಂಥಗಳ ಆಧಾರದ ಮೇಲೆ ಹೇಳ್ತಿದ್ದರು, ಅವನದೇ ಶಾಸನಗಳಲ್ಲಿ ಹೆಸರು ಕಂಡಿರಲಿಲ್ಲ. 1915ರಲ್ಲಿ ಮಸ್ಕಿಯ ಬಂಡೆಯಲ್ಲಿ ಆ ಹೆಸರು ಕಂಡಿತು. ಕಂಡದ್ದು ಯಾರ ಕಣ್ಣಿಗೆ ಗೊತ್ತಾ? ಸಿ. ಬೀಡನ್ ಅಂತ, ಚಿನ್ನದ ಗಣಿಯ ಎಂಜಿನಿಯರ್! ಅವನು ಆ ಸೀಮೆಯಲ್ಲಿ ಓಡಾಡ್ತಿದ್ದದ್ದು ಚಿನ್ನಕ್ಕೋಸ್ಕರ. ಬಂಡೆ ಮೇಲೆ ಗೀಚು ಕಂಡಾಗ ನನಗ್ಯಾಕೆ ಅಂತ ಮುಂದೆ ಹೋಗಿದ್ದಿದ್ದರೆ? ತಿಳಿದವರಿಗೆ ತಿಳಿಸಿದ, ಎಚ್. ಕೃಷ್ಣಶಾಸ್ತ್ರಿಗಳು ಓದಿ ಪ್ರಕಟಿಸಿದರು. ಲಿಪಿ ಓದೋ ವಿದ್ವಾಂಸರು ಬೇಕು, ನಿಜ. ಆದರೆ ಅವರು ನಾಡಿನ ಪ್ರತಿಯೊಂದು ಕೆರೆ ಏರಿ ಮೇಲೂ ನಡೆಯೋಕಾಗುತ್ತಾ? ನಡೆಯೋರು ಅಲ್ಲಿ ಇರೋರೇ.

ಮಸ್ಕಿ ದೂರ ಅನ್ನೋದಾದರೆ ಹೆಬ್ಬಾಳಕ್ಕೆ ಬನ್ನಿ. 2018ರಲ್ಲಿ ಚರಂಡಿ ಕೆಲಸ ನಡೀವಾಗ ಒಂದು ಕಲ್ಲು ಸಿಕ್ಕಿತು. ಗಂಗರ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750ರದ್ದು, ಕಿತ್ತಯ್ಯ ಅನ್ನೋ ವೀರನ ಕಲ್ಲು. ಅದು ಮಣ್ಣಿನ ಜೊತೆ ಲಾರಿ ಹತ್ತದೆ ಉಳಿದದ್ದು ನಾಗರಿಕರಿಂದ. ಅವರಲ್ಲಿ ಎಂಜಿನಿಯರುಗಳಿದ್ದರು, ಊರವರಿದ್ದರು. ಓಡಾಡಿ, ಹಣ ಕೂಡಿಸಿ, ಮಂಟಪ ಕಟ್ಟಿ ನಿಲ್ಲಿಸಿದರು. ಬೇಗೂರಿನ ವೀರಗಲ್ಲು ನಿಮಗೆ ಗೊತ್ತೇ ಇದೆ, ಸುಮಾರು 890ರ ಕಾಲದ್ದು, ಬೆಂಗಳೂರಿನ ಕಾಳಗ ಅಂತ ಅದರಲ್ಲೇ ಇದೆ. ಕೆಂಪೇಗೌಡರು ಪೇಟೆ ಕಟ್ಟೋಕೆ ಆರುನೂರು ವರ್ಷಕ್ಕೂ ಮುಂಚೆ ನಮ್ಮೂರಿನ ಹೆಸರು! ಅದನ್ನ ಓದಿದಾಗೆಲ್ಲ ನನಗೆ ಮೈ ಜುಂ ಅನ್ನುತ್ತೆ.

ನೋಡಿ, ಬಿ.ಎಲ್. ರೈಸ್ ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ಬೆಂಗಳೂರು ಜಿಲ್ಲೆಯ ಸಂಪುಟ ತಂದದ್ದು 1905ರಲ್ಲಿ. ಇಂಥ ಹಳ್ಳಿಯ ಇಂಥ ಹೊಲದಲ್ಲಿ, ಇಂಥ ಗುಡಿಯ ಮುಂದೆ ಅಂತ ಗುರುತು ಹಾಕಿ ಬರೆದಿದ್ದಾರೆ. ಆ ಪುಸ್ತಕ ಹಿಡಿದು ಈಗ ಹೋದರೆ ಹೊಲ ಇದ್ದ ಕಡೆ ಅಪಾರ್ಟ್‌ಮೆಂಟು, ಕಲ್ಲು ಎಷ್ಟೋ ಕಡೆ ಇಲ್ಲವೇ ಇಲ್ಲ. ತಳಪಾಯಕ್ಕೆ ಹೋದವು, ಚರಂಡಿಗೆ ಚಪ್ಪಡಿಯಾದವು, ಬಟ್ಟೆ ಒಗೆಯೋ ಕಲ್ಲಾದವು. ನಿಧಿಗಳ್ಳರ ಕಾಟ ಬೇರೆ. ಕಲ್ಲಿನ ನೆತ್ತಿ ಮೇಲೆ ಸೂರ್ಯ ಚಂದ್ರ ಕೆತ್ತಿರ್ತಾರಲ್ಲ, ಅವರಿಬ್ಬರೂ ಇರೋವರೆಗೆ ಈ ದಾನ ನಡೀಲಿ ಅಂತ. ಅದನ್ನ ಚಿನ್ನದ ಗುರುತು ಅಂದ್ಕೊಂಡು ಅಮಾವಾಸ್ಯೆ ರಾತ್ರಿ ಬಂದು ಅಗೆದು ಒಡೀತಾರೆ. ಅದರ ಕೆಳಗೆ ಚಿನ್ನ ಇರಲ್ಲ ರಾಯರೇ. ಇರೋದು ಕೆರೆಗೆ ತೂಬು ಇಡಿಸಿದವನ ಹೆಸರು, ಹಸು ಬಿಡಿಸ್ಕೊಳ್ಳೋಕೆ ಹೋಗಿ ಸತ್ತ ಹುಡುಗನ ಹೆಸರು, ದೀಪದ ಎಣ್ಣೆಗೆ ಭೂಮಿ ಬಿಟ್ಟ ಹೆಂಗಸಿನ ಹೆಸರು, ಎಲ್ಲ ಕಲ್ಲಿನ ಮೇಲೇ. ರಾಜರ ಚರಿತ್ರೆ ಬೇರೆ ಕಡೆಯೂ ಸಿಕ್ಕೀತು. ಈ ಜನದ್ದು ಇನ್ನೆಲ್ಲಿ ಸಿಗುತ್ತೆ? ಆ ಕಲ್ಲು ಅವರು ಬದುಕಿದ್ದರು ಅನ್ನೋದಕ್ಕೆ ಇರೋ ಒಂದೇ ಸಾಕ್ಷಿ, ಅದು ಒಡೆದರೆ ಅವರು ಎರಡನೇ ಸಲ ಸತ್ತ ಹಾಗೆ.

ಅದಕ್ಕೇ ಸೊಸೈಟಿಯ ಸ್ಕ್ಯಾನಿಂಗ್ ಕೆಲಸ ನನಗೆ ಬಹಳ ದೊಡ್ಡದು ಅನ್ನಿಸೋದು. ಮಿಥಿಕ್ ಸೊಸೈಟಿಯವರು 2021ರಿಂದ ಬೆಂಗಳೂರಿನ ಸುತ್ತಲ ಶಾಸನಗಳನ್ನ ಒಂದೊಂದಾಗಿ ಹುಡುಕಿ ತ್ರೀಡಿ ಸ್ಕ್ಯಾನ್ ಮಾಡ್ತಿದ್ದಾರೆ. ಮೊದಲಾದರೆ ಪಡಿಯಚ್ಚು ಒಂದೇ ದಾರಿ. ಕಲ್ಲು ತೊಳೆದು, ಒದ್ದೆ ಕಾಗದ ಹಾಸಿ, ಬ್ರಷ್‌ನಿಂದ ತಟ್ಟಿ ತಟ್ಟಿ ಅಕ್ಷರದ ಗುಳಿಯೊಳಗೆ ಕೂರಿಸಿ, ಮೇಲೆ ಮಸಿ ಒತ್ತೋದು. ಅದೂ ಒಂದು ಕಲೆಯೇ, ಕೈ ಪಳಗಬೇಕು. ಸ್ಕ್ಯಾನ್‌ನಲ್ಲಿ ಕಲ್ಲಿಗೆ ಏನನ್ನೂ ಸೋಕಿಸಬೇಕಾಗಿಲ್ಲ. ಪರದೆಯ ಮೇಲೆ ಬೆಳಕನ್ನ ಬೇಕಾದ ಕಡೆಯಿಂದ ಬೀಳಿಸಿ, ಬರಿಗಣ್ಣಿಗೆ ಕಾಣದಷ್ಟು ಸವೆದ ಅಕ್ಷರವನ್ನೂ ಓದಬಹುದು. ನಾಳೆ ಕಲ್ಲೇ ಹೋದರೂ ಅದರ ರೂಪ ಉಳಿಯುತ್ತೆ. ಕೇಂದ್ರ ಸರ್ಕಾರವೂ 2023ರ ಬಜೆಟ್ಟಿನಲ್ಲಿ ಮೊದಲ ಹಂತದಲ್ಲಿ ಒಂದು ಲಕ್ಷ ಶಾಸನ ಡಿಜಿಟಲ್ ಮಾಡ್ತೀವಿ ಅಂತ ಹೇಳಿದೆ, 'ಭಾರತ್ ಶ್ರೀ' ಅಂತ ಅದರ ಹೆಸರು. ಆದರೆ ಕಲ್ಲು ಎಲ್ಲಿದೆ ಅಂತ ಯಾರಾದರೂ ತೋರಿಸಬೇಕಲ್ಲ? ಮೆಂಬರ್ ಆದವರಿಗೆ ಇರೋ ದೊಡ್ಡ ಅವಕಾಶ ಅದೇ ಅಂತ ನನ್ನ ನಂಬಿಕೆ. ಕಣ್ಣು ಬಿಟ್ಕೊಂಡು ಓಡಾಡೋದು, ಕಂಡದ್ದನ್ನ ತಿಳಿದವರಿಗೆ ಮುಟ್ಟಿಸೋದು.

ಏನಂದ್ರಿ? ನಿಮ್ಮ ಭಾವಮೈದನ ತೋಟದ ಹತ್ರ, ದೇವನಹಳ್ಳಿಯಿಂದ ಆಚೆ, ಕೆರೆ ಕೋಡಿಯಲ್ಲಿ ಬರಹದ ಕಲ್ಲಿದೆಯಾ? ಇಷ್ಟು ಹೊತ್ತು ಸುಮ್ಮನಿದ್ರಲ್ಲ ರಾಯರೇ! ಭಾನುವಾರ ಹೋಗೋಣ. ಬೆಳಗ್ಗೆ ಬೇಗ ಹೊರಡಬೇಕು, ಬಿಸಿಲು ಓರೆಯಾಗಿ ಬಿದ್ದಾಗಲೇ ಅಕ್ಷರ ಎದ್ದು ಕಾಣೋದು, ನೆತ್ತಿ ಬಿಸಿಲಲ್ಲಿ ಫೋಟೋ ತೆಗೆದರೆ ಬರೀ ಕಲ್ಲು. ನೀರು, ಮೆತ್ತನೆ ಬ್ರಷ್ ನಾನು ತರ್ತೀನಿ. ತಂತಿ ಬ್ರಷ್ ಬೇಡ, ಅಕ್ಷರದ ಮೇಲೆ ಸುಣ್ಣ, ಪೇಂಟು ಬಳಿಯೋದೂ ಬೇಡ. ಸುತ್ತ ಅಗೆಯೋ ಮಾತಂತೂ ಎತ್ತಬೇಡಿ. ಉತ್ಖನನಕ್ಕೆ ಇಲಾಖೆಯ ಅನುಮತಿ ಬೇಕು. ಮಣ್ಣಲ್ಲಿ ಹತ್ತು ರೂಪಾಯಿಗೆ ಮೀರಿದ ನಿಧಿ ಸಿಕ್ಕರೂ ಜಿಲ್ಲಾಧಿಕಾರಿಗೆ ತಿಳಿಸಬೇಕು ಅಂತ 1878ರ ಕಾಯ್ದೆಯೇ ಇದೆ. ನಾವು ಫೋಟೋ ತೆಗೀತೀವಿ, ಅಳತೆ ಹಿಡೀತೀವಿ, ಜಾಗ ಗುರುತು ಮಾಡ್ಕೋತೀವಿ, ರೈಸ್ ಸಂಪುಟದಲ್ಲಿ ಇದೆಯಾ ಅಂತ ನೋಡ್ತೀವಿ. ಇಲ್ಲ ಅಂದರೆ ಅವತ್ತೇ ಸೊಸೈಟಿಯವರಿಗೆ ಹೇಳೋಣ. ಮೊಮ್ಮಗಳನ್ನೂ ಕರ್ಕೊಂಡು ಬನ್ನಿ.

ಏನು, ಅಲ್ಲಿ ಲೇಔಟ್ ಕೆಲಸ ಶುರುವಾಗಿದೆಯಾ? ಹಾಗಾದರೆ ಭಾನುವಾರದವರೆಗೆ ಕಾಯೋದು ಬೇಡ. ಈಗಲೇ ಒಳಗೆ ಹೋಗಿ ಭಾವಮೈದನಿಗೆ ಫೋನ್ ಮಾಡಿ. ಜೆಸಿಬಿಯವನಿಗೆ ಆ ಕಲ್ಲು ತೋರಿಸಿ, ಅದನ್ನ ಮುಟ್ಟಬೇಡ ಅಂತ ಹೇಳಲಿ. ಫೋನಲ್ಲೇ ಎರಡು ಫೋಟೋ ತೆಗೆದು ಕಳಿಸಲಿ. ನಾನು ಇಲ್ಲೇ ನಿಂತಿರ್ತೀನಿ.