ಶುರುವಿಗೊಂದು ಕೀ, ನಿಲ್ಲಿಸಲೊಂದು ಕೀ

ಯೂಟ್ಯೂಬಿನಲ್ಲಿ ಕನ್ನಡದ ಕಂಪ್ಯೂಟರ್ ಪಾಠಗಳನ್ನು ನೋಡುವ ಅಭ್ಯಾಸವಿದ್ದವರಿಗೆ ಅವುಗಳ ತಲೆ ಮತ್ತು ಬಾಲ ಎರಡೂ ಪರಿಚಿತ. ಮೊದಲು ಒಂದು ಕಿಟಕಿ ಸರ್ರನೆ ಕೆಳಗಿಳಿದು ಮಾಯವಾಗುತ್ತದೆ, ಯಾರೋ ಗಂಟಲು ಸರಿಮಾಡಿಕೊಳ್ಳುತ್ತಾರೆ, ಒಳಗೆಲ್ಲೋ ಕುಕ್ಕರ್ ಕೂಗುತ್ತದೆ, ಆಮೇಲೆ ‘ನಮಸ್ಕಾರ ಸ್ನೇಹಿತರೇ’. ಕೊನೆಯಲ್ಲಿ ಧನ್ಯವಾದ ಹೇಳಿ ಮುಗಿದರೂ ವಿಡಿಯೊ ಮುಗಿಯುವುದಿಲ್ಲ. ಮೌಸಿನ ಬಾಣ ಪರದೆಯ ತಳಕ್ಕೆ ತೆವಳಿಕೊಂಡು ಹೋಗುತ್ತದೆ, ಅಲ್ಲಿ ಸಾಲಾಗಿ ಕುಳಿತ ಚಿಹ್ನೆಗಳನ್ನು ಒಂದೊಂದಾಗಿ ಮೂಸಿ ನೋಡುತ್ತದೆ, ಬೇಡದ ಕಿಟಕಿಯೊಂದು ತೆರೆದುಕೊಳ್ಳುತ್ತದೆ, ‘ಎಲ್ಲಿ ಹೋಯ್ತಪ್ಪಾ ಇದು’ ಎಂಬ ಪಿಸುಮಾತಿನೊಡನೆ ಪರದೆ ಕಪ್ಪಾಗುತ್ತದೆ. ಮೊಬೈಲಿನಲ್ಲಿ ರೆಕಾರ್ಡ್ ಮಾಡುವವರದು ಇನ್ನೂ ಸೊಗಸು. ನಿಲ್ಲಿಸಲೆಂದು ಮೇಲಿನಿಂದ ಪರದೆ ಎಳೆದಾಗ ಗ್ಯಾಸ್ ಸಿಲಿಂಡರ್ ಬುಕ್ ಆದದ್ದು, ಸಾಲದ ಕಂತು ಬಾಕಿ ಇರುವುದು, ‘ಬರ್ತಾ ಕೊತ್ತಂಬರಿ ಸೊಪ್ಪು ತನ್ನಿ’ ಎಂಬ ಅಪ್ಪಣೆ, ಎಲ್ಲವೂ ಲೋಕಕ್ಕೆ ದರ್ಶನ ಕೊಟ್ಟು ಹೋಗುತ್ತವೆ.

ಪಾಠ ಎಲ್ಲರದ್ದೂ ಒಂದೇ. ಮನುಷ್ಯ ಸಿಕ್ಕುವುದು ಈ ತುದಿಗಳಲ್ಲಿ. ಹಾಗಾಗಿ ನೋಡುವವನಾಗಿ ನನಗೆ ಈ ಬಾಲಂಗೋಚಿಗಳ ಮೇಲೆ ಪ್ರೀತಿಯೇ. ಆದರೆ ಮಾಡುವವರಿಗೆ ನಾಚಿಕೆಯಾಗುತ್ತದಲ್ಲ, ಅದಕ್ಕೆ ಮದ್ದು ರೆಕಾರ್ಡ್ ಮಾಡುವ ತಂತ್ರಾಂಶದ ಒಳಗೇ ಇದೆ. ಶುರುಮಾಡಲು, ನಿಲ್ಲಿಸಲು ಕೀಬೋರ್ಡಿನ ಯಾವುದಾದರೂ ಕೀಯನ್ನು ಗೊತ್ತುಮಾಡಿಕೊಂಡರೆ ಬಾಣವನ್ನು ಅಲೆಸುವ ಪ್ರಮೇಯವೇ ಇಲ್ಲ.

ಒಬಿಎಸ್ ಸ್ಟುಡಿಯೊವನ್ನೇ ತೆಗೆದುಕೊಳ್ಳಿ. 2012ರಲ್ಲಿ ಲೇನ್ ಬೈಲಿ ಎಂಬವರು ಶುರುಮಾಡಿದ ಈ ತಂತ್ರಾಂಶ ಪೂರ್ತಿ ಪುಕ್ಕಟೆ, ಮೂಲ ಸಂಕೇತವೂ ಮುಕ್ತ. ಆಟವಾಡುತ್ತ ನೇರ ಪ್ರಸಾರ ಮಾಡುವವರಿಗಾಗಿ ಹುಟ್ಟಿದ್ದು, ಲಾಕ್‌ಡೌನ್ ಕಾಲಕ್ಕೆ ಮೇಷ್ಟ್ರುಗಳ ಕೈಗೆ ಬಂತು. ಅದರ ಸೆಟ್ಟಿಂಗ್ಸ್‌ನಲ್ಲಿ ಹಾಟ್‌ಕೀಸ್ ಎಂಬ ಪುಟವಿದೆ. ತೆರೆದರೆ ಮೊಳದುದ್ದದ ಪಟ್ಟಿ: ಪ್ರಸಾರ ಶುರು, ಪ್ರಸಾರ ನಿಲುಗಡೆ, ರೆಕಾರ್ಡಿಂಗ್ ಶುರು, ನಿಲುಗಡೆ, ವಿರಾಮ, ವಿರಾಮದಿಂದ ವಾಪಸು, ಮೈಕಿನ ಬಾಯಿ ಮುಚ್ಚು, ಬಾಯಿ ಬಿಡಿಸು, ಈ ದೃಶ್ಯಕ್ಕೆ ಹೋಗು, ಆ ದೃಶ್ಯಕ್ಕೆ ಹೋಗು. ಪ್ರತಿಯೊಂದರ ಎದುರಿಗೂ ಒಂದು ಖಾನೆ, ಹೊಸದಾಗಿ ಹಾಕಿಕೊಂಡಾಗ ಶುರುವಿನದೂ ನಿಲುಗಡೆಯದೂ ಖಾಲಿ. ಬೇರೆ ತಂತ್ರಾಂಶಗಳು ತಮ್ಮ ಕೀಗಳನ್ನು ನಮ್ಮ ಮೇಲೆ ಹೇರುತ್ತವೆ. ಇದು ಮಾತ್ರ ‘ನಿಮ್ಮ ಇಷ್ಟ’ ಎಂದು ಕೈಕಟ್ಟಿ ನಿಲ್ಲುತ್ತದೆ. ಇಷ್ಟ ಎಂದಾಗಲೇ ಮನುಷ್ಯನಿಗೆ ಕಷ್ಟ ಶುರುವಾಗುವುದು.

ನಮ್ಮ ಬೀದಿಯಲ್ಲಿ ನಿವೃತ್ತ ಗಣಿತದ ಮೇಷ್ಟ್ರೊಬ್ಬರಿದ್ದಾರೆ. ಹತ್ತನೇ ತರಗತಿಯ ಮಕ್ಕಳಿಗೆಂದು ಪವರ್‌ಪಾಯಿಂಟಿನಲ್ಲಿ ಪಾಠ ಮಾಡಿ ರೆಕಾರ್ಡ್ ಮಾಡುತ್ತಾರೆ. ಖಾಲಿ ಖಾನೆ ಕಂಡಾಗ ಅವರ ಗಣಿತದ ತಲೆ ಚುರುಕಾಯಿತು. ಪವರ್‌ಪಾಯಿಂಟಿನಲ್ಲಿ ಸ್ಲೈಡುಗಳು ಶುರುವಾಗುವುದು ಎಫ್5 ಒತ್ತಿದರೆ, ಮುಗಿಯುವುದು ಎಸ್ಕೇಪ್ ಒತ್ತಿದರೆ. ಒಬಿಎಸ್‌ಗೂ ಅವೇ ಎರಡನ್ನು ಕೊಟ್ಟರೆ? ವಿಂಡೋಸ್‌ನಲ್ಲಿ ಒಬಿಎಸ್ ಕೀಯನ್ನು ನುಂಗುವುದಿಲ್ಲ, ಕದ್ದು ಕೇಳಿಸಿಕೊಳ್ಳುತ್ತದೆ ಅಷ್ಟೇ. ನೀವು ಒತ್ತಿದ್ದು ಎದುರಿಗಿರುವ ತಂತ್ರಾಂಶಕ್ಕೂ ತಲುಪುತ್ತದೆ, ಹಿಂದೆ ಅಡಗಿ ಕುಳಿತ ಒಬಿಎಸ್‌ಗೂ ತಲುಪುತ್ತದೆ. ಹಾಗಾಗಿ ಒಂದು ಏಟಿಗೆ ಸ್ಲೈಡೂ ಶುರು, ರೆಕಾರ್ಡಿಂಗೂ ಶುರು. ಒಂದು ಕೀಗೆ ಎರಡು ಕೆಲಸ ಕೊಟ್ಟ ಸಂತೋಷದಲ್ಲಿ ಮೇಷ್ಟ್ರು ಎರಡು ಲೋಟ ಕಾಫಿ ಕುಡಿದರಂತೆ.

ಆಮೇಲೆ ಪಾಠದ ನಡುವೆ ಆಂಟಿವೈರಸ್ಸಿನ ಜಾಹೀರಾತೊಂದು ಇಣುಕಿತು. ಮೇಷ್ಟ್ರು ಎಸ್ಕೇಪ್ ಒತ್ತಿ ಅದನ್ನು ಓಡಿಸಿದರು. ಜಾಹೀರಾತು ಹೋಯಿತು, ಸ್ಲೈಡು ಉಳಿಯಿತು, ರೆಕಾರ್ಡಿಂಗು ನಿಂತಿತು. ಪೈಥಾಗೊರಸನ ಪ್ರಮೇಯದ ಉಳಿದ ಸಾಧನೆಯನ್ನು ಅವರು ಗೋಡೆಗೆ ಹೇಳಿಕೊಟ್ಟರು. ಇನ್ನೊಂದು ಕಡೆ ಎಫ್5 ತನ್ನ ಪಾಡಿಗೆ ಸೇವೆ ಸಲ್ಲಿಸುತ್ತಿತ್ತು. ಬ್ರೌಸರಿನಲ್ಲಿ ಪುಟವನ್ನು ಮತ್ತೆ ತರಿಸುವುದೂ ಎಫ್5ರಿಂದಲೇ ತಾನೆ? ತಿಂಗಳ ಕೊನೆಯಲ್ಲಿ ನೋಡಿದರೆ ಅವರ ಫೋಲ್ಡರಿನಲ್ಲಿ ಪಾಠಗಳಿಗಿಂತ ಪಿಂಚಣಿ ಜಮೆಯಾಯಿತೇ ಎಂದು ಅವರು ಬ್ಯಾಂಕಿನ ಪುಟವನ್ನು ಕಾದು ಕುಳಿತ ಚಿತ್ರಗಳೇ ಹೆಚ್ಚಿದ್ದವು.

“ಬೇರೆ ಯಾವ ಕೀ ಇಡ್ಲಮ್ಮಾ?” ಎಂದು ಮೇಷ್ಟ್ರು ಕೇಳಿದ್ದು ನನ್ನ ತಮ್ಮನ ಮಗಳನ್ನು.

“ಯಾರೂ ಮುಟ್ಟದೇ ಇರೋದು ಇಡಿ ಸರ್. ಸ್ಕ್ರಾಲ್ ಲಾಕ್ ಇದೆಯಲ್ಲ.”

ಜಗತ್ತಿನ ಬೇರೆ ಎಲ್ಲ ಕಡೆ ಇದು ಒಳ್ಳೆಯ ಸಲಹೆ. ಸ್ಕ್ರಾಲ್ ಲಾಕ್ ಎಂಬುದು ಯಾಕಿದೆಯೆಂದು ಯಾರೂ ಕೇಳದ, ಅದೂ ಹೇಳದ ಕೀ. ಆದರೆ ಕನ್ನಡದವರ ಮಟ್ಟಿಗೆ ಅದು ನಿರುದ್ಯೋಗಿ ಅಲ್ಲ. ನುಡಿ ತಂತ್ರಾಂಶದಲ್ಲಿ ಕನ್ನಡಕ್ಕೂ ಇಂಗ್ಲಿಷಿಗೂ ನಡುವೆ ದಾಟುವುದು ಅದರಿಂದಲೇ. ಅದರಲ್ಲಿರುವ, ಕೆ.ಪಿ. ರಾವ್ ರೂಪಿಸಿದ ಕೀಲಿಮಣೆಯಲ್ಲಿ ಬೆರಳು ಪಳಗಿಸಿಕೊಂಡ ಸರ್ಕಾರಿ ಕಚೇರಿಯ ಗುಮಾಸ್ತರನ್ನು ಕೇಳಿ, ಕಣ್ಣುಮುಚ್ಚಿ ಸ್ಕ್ರಾಲ್ ಲಾಕ್ ಮುಟ್ಟಿಯಾರು. ಅಂಥವರು ಅದನ್ನೇ ರೆಕಾರ್ಡಿಂಗಿಗೂ ಇಟ್ಟುಕೊಂಡರೆ ಕನ್ನಡ ಬಂದಾಗ ಚಿತ್ರೀಕರಣ ಶುರು, ಇಂಗ್ಲಿಷಿಗೆ ಮರಳಿದಾಗ ಬಂದ್! ಭಾಷಾಭಿಮಾನಿಗಳಿಗೆ ಇದು ಹಿತವೆನಿಸೀತು, ಮೇಷ್ಟ್ರಿಗೆ ಆಗಲಿಲ್ಲ. ಎಷ್ಟೋ ಹೊಸ ಲ್ಯಾಪ್‌ಟಾಪುಗಳಲ್ಲಂತೂ ಆ ಕೀಯೇ ಇಲ್ಲ.

ಖಾಲಿ ಕೀ ಹುಡುಕುತ್ತ ಹೋದರೆ ಅಂಥದ್ದು ಇಲ್ಲವೇ ಇಲ್ಲ ಎಂದು ತಿಳಿಯುತ್ತದೆ. ಎಫ್9 ಎಕ್ಸೆಲ್‌ನಲ್ಲಿ ಲೆಕ್ಕ ಮತ್ತೆ ಹಾಕಿಸುತ್ತದೆ. ಸರಿ, ಅದಕ್ಕೆ ಕಂಟ್ರೋಲ್ ಶಿಫ್ಟ್ ಸೇರಿಸೋಣವೆಂದರೆ ವರ್ಡ್‌ನಲ್ಲಿ ಆ ಮೂರರ ಕೂಟ, ಆಯ್ದ ಭಾಗದ ಪರಿವಿಡಿಯಂಥ ಜೀವಂತ ಅಂಶಗಳನ್ನೆಲ್ಲ ಬರೀ ಅಕ್ಷರಗಳನ್ನಾಗಿ ಮಾಡಿಬಿಡುತ್ತದೆ. ಮುಂದೆ ಪುಟಸಂಖ್ಯೆ ತಾನಾಗಿ ಬದಲಾಗುವುದಿಲ್ಲ. ಪಿಎಚ್‌ಡಿ ಪ್ರಬಂಧ ಬರೆಯುತ್ತಿರುವವರ ಎದುರು ಈ ಮೂರು ಕೀಗಳ ಹೆಸರು ಒಟ್ಟಿಗೆ ಎತ್ತಬೇಡಿ.

ಈ ವಿಷಯದಲ್ಲಿ ಹಳಬರ ಬುದ್ಧಿ ದೊಡ್ಡದು. ಕಂಟ್ರೋಲ್ ಆಲ್ಟ್ ಡಿಲೀಟ್ ಕೂಟವನ್ನು ಹೊಂದಿಸಿದ ಐಬಿಎಂನ ಡೇವಿಡ್ ಬ್ರಾಡ್ಲಿ, ಯಂತ್ರವನ್ನು ಮೊದಲಿನಿಂದ ಶುರುಮಾಡಿಸುವ ಆ ಆಜ್ಞೆ ಕೈತಪ್ಪಿ ಬೀಳಬಾರದೆಂದೇ ದೂರ ದೂರದ ಕೀಗಳನ್ನು ಆರಿಸಿದ. ಬಿಲ್ ಗೇಟ್ಸ್‌ಗೆ ಬೇಕಿದ್ದದ್ದು ಒಂದೇ ಗುಂಡಿ. 2013ರಲ್ಲಿ ಹಾರ್ವರ್ಡ್‌ನಲ್ಲಿ ಮಾತಾಡುತ್ತ ಆತ ಆ ಮೂರರ ಏರ್ಪಾಡನ್ನು ತಪ್ಪೆಂದೇ ಕರೆದ. ನನ್ನ ವೋಟು ಬ್ರಾಡ್ಲಿಗೆ. ರೆಕಾರ್ಡಿಂಗಿನ ಕೀ ಸುಲಭವಾಗಿರಬೇಕಾಗಿಲ್ಲ, ಬೆರಳು ಹುಡುಕಿಕೊಂಡು ಹೋಗುವಷ್ಟು ವಕ್ರವಾಗಿರಬೇಕು. ವಿಂಡೋಸ್ ಜೊತೆಗೇ ಬರುವ ಗೇಮ್ ಬಾರ್‌ನವರೂ ವಿಂಡೋಸ್, ಆಲ್ಟ್, ಆರ್ ಎಂದು ಮೂರು ಇಟ್ಟಿದ್ದಾರೆ. ಲಿನಕ್ಸ್‌ನ ಗ್ನೋಮ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಕಂಟ್ರೋಲ್, ಆಲ್ಟ್, ಶಿಫ್ಟ್, ಆರ್ ಎಂದು ನಾಲ್ಕು ಇಟ್ಟಿತು. ಹಳೆಯ ಗ್ನೋಮ್‌ಗೆ ಇನ್ನೊಂದು ಗುಣವಿತ್ತು: ನೀವು ಬದಲಿಸದಿದ್ದರೆ 30 ಸೆಕೆಂಡಿಗೆ ತಾನೇ ನಿಲ್ಲಿಸಿಬಿಡುತ್ತಿತ್ತು. ಕೆಲವು ಸಭೆಗಳಲ್ಲಿ ಸ್ವಾಗತ ಭಾಷಣ ಕೇಳುವಾಗ ಈ ಗುಣ ನೆನಪಾಗುತ್ತದೆ.

ಒಬಿಎಸ್‌ನಲ್ಲಿ ಶುರುವಿಗೂ ನಿಲುಗಡೆಗೂ ಒಂದೇ ಕೀ ಕೊಡಬಹುದು. ಒಮ್ಮೆ ಒತ್ತಿದರೆ ಶುರು, ಮತ್ತೊಮ್ಮೆ ಒತ್ತಿದರೆ ನಿಲುಗಡೆ. ಬಹಳ ಜನ ಇದನ್ನು ಮೆಚ್ಚುತ್ತಾರೆ. ನಾನು ಮೆಚ್ಚುವುದಿಲ್ಲ. ಎಲ್ಲೋ ಒಂದು ಒತ್ತು ತಪ್ಪಿತೆಂದರೆ ಅಲ್ಲಿಂದ ಮುಂದೆ ಎಲ್ಲವೂ ತಿರುವುಮುರುವು: ಕಡತ ಹುಡುಕಿದ್ದು, ಮೂಗು ಒರೆಸಿಕೊಂಡದ್ದು, ಹೆಂಡತಿಯ ಮೇಲೆ ರೇಗಿದ್ದು ಎಲ್ಲ ಅಚ್ಚುಕಟ್ಟಾಗಿ ದಾಖಲಾಗುತ್ತದೆ, ಪಾಠ ಮಾತ್ರ ಒಂದೂ ಇರುವುದಿಲ್ಲ. ಎರಡು ಬೇರೆ ಕೀಗಳಿದ್ದರೆ ನಿಲ್ಲಿಸು ಎಂದದ್ದನ್ನು ಹತ್ತು ಸಲ ಒತ್ತಿದರೂ ಅದು ನಿಂತೇ ಇರುತ್ತದೆ.

ಅದೇ ಪಟ್ಟಿಯಲ್ಲಿ ರಿಪ್ಲೇ ಬಫರ್ ಎಂಬ ವಿಚಿತ್ರವೂ ಇದೆ. ಅದನ್ನು ಚಾಲೂ ಮಾಡಿಟ್ಟರೆ ಕಳೆದ ಇಷ್ಟು ಸೆಕೆಂಡುಗಳನ್ನು ಸದಾ ನೆನಪಿನಲ್ಲಿ ಹಿಡಿದಿರುತ್ತದೆ, ಹಳೆಯದನ್ನು ಬಿಡುತ್ತ ಹೊಸದನ್ನು ಸೇರಿಸುತ್ತ. ಕೀ ಒತ್ತಿದರೆ, ಆಗಿಹೋದದ್ದು ಕಡತವಾಗಿ ಕೂರುತ್ತದೆ. ಆಟದಲ್ಲಿ ಗೋಲು ಹೊಡೆದ ಮೇಲೆ ಅದನ್ನು ಉಳಿಸಿಕೊಳ್ಳಲೆಂದು ಮಾಡಿದ್ದಂತೆ. ‘ನಾನು ಹಾಗೆ ಅಂದೇ ಇಲ್ಲ’ ಎಂಬ ವಾಕ್ಯ ದಿನಕ್ಕೆ ನಾಲ್ಕಾರು ಸಲ ಉಚ್ಚಾರವಾಗುವ ನಮ್ಮಂಥ ಮನೆಗಳಿಗೆ ಇದನ್ನು ಯಾಕೆ ಅಳವಡಿಸಿಲ್ಲವೆಂದು ಯೋಚಿಸಿದ್ದೇನೆ. ಇಲ್ಲದಿರುವುದೇ ಕ್ಷೇಮ.

ಕೀ ಗೊತ್ತಾಯಿತು, ಪಾಠ ಮುಗಿಯಿತು, ಎಂದಿಟ್ಟುಕೊಳ್ಳಿ. ಈಗ ಅದು ಎಲ್ಲಿ ಹೋಗಿ ಕೂತಿತು? ವಿಂಡೋಸ್‌ನಲ್ಲಿ ನೀವು ಬೇರೆ ಹೇಳದಿದ್ದರೆ ಒಬಿಎಸ್ ವಿಡಿಯೋಸ್ ಫೋಲ್ಡರಿಗೆ ಹಾಕುತ್ತದೆ, ಗೇಮ್ ಬಾರ್ ಅದರೊಳಗಿನ ಕ್ಯಾಪ್ಚರ್ಸ್‌ಗೆ, ಮ್ಯಾಕ್‌ನ ಸ್ವಂತ ರೆಕಾರ್ಡರು ಡೆಸ್ಕ್‌ಟಾಪಿಗೆ. ಒಬಿಎಸ್ ಇಡುವ ಹೆಸರು? ವರ್ಷ, ತಿಂಗಳು, ದಿನ, ಗಂಟೆ, ನಿಮಿಷ, ಸೆಕೆಂಡು. ನಮಗೆ ದಿನಾಂಕ ಮೊದಲು ಬರೆದು ಅಭ್ಯಾಸ, ಆದರೆ ಕಂಪ್ಯೂಟರಿನ ಪಟ್ಟಿಯಲ್ಲಿ ವರ್ಷ ಮೊದಲಿದ್ದರೆ ಹಳೆಯದರ ಹಿಂದೆ ಹೊಸದು ತಾನಾಗಿ ಸಾಲು ನಿಲ್ಲುತ್ತದೆ. ಗಂಟೆ ನಿಮಿಷಗಳ ನಡುವೆ ಎರಡು ಚುಕ್ಕೆಯ ಬದಲು ಗೀಟು ಇರುವುದೂ ಸುಮ್ಮನೆ ಅಲ್ಲ. ವಿಂಡೋಸ್‌ನಲ್ಲಿ ಕಡತದ ಹೆಸರಿನೊಳಗೆ ಎರಡು ಚುಕ್ಕೆ, ಪ್ರಶ್ನಾರ್ಥಕ ಚಿಹ್ನೆ, ನಕ್ಷತ್ರ ಇವೆಲ್ಲ ನಿಷಿದ್ಧ. ಹೆಸರಿನ ಈ ಮಾದರಿಯನ್ನು ಸೆಟ್ಟಿಂಗ್ಸ್‌ನ ಅಡ್ವಾನ್ಸ್‌ಡ್ ಪುಟದಲ್ಲಿ ಬದಲಿಸಬಹುದು. ಮೊದಲಿಗೆ ‘ರೇಖಾಗಣಿತ’ ಎಂದು ಸೇರಿಸಿಬಿಟ್ಟರೆ ಆಮೇಲೆ ಬರುವುದಕ್ಕೆಲ್ಲ ಅದೇ ಕುಲನಾಮ. ಆಮೇಲೆ ಹೆಸರಿಡುತ್ತೇನೆಂದವರು ಯಾರೂ ಆಮೇಲೆ ಇಟ್ಟಿಲ್ಲ.

ಹೆಸರಿಗಿಂತ ದೊಡ್ಡ ಸಂಗತಿ ಕಡತದ ಜಾತಿ. ಎಂಪಿ4 ಎಲ್ಲರಿಗೂ ಗೊತ್ತು, ಮೊಬೈಲಿಗೂ ಟಿವಿಗೂ ಸಲೀಸು. ಆದರೂ ಒಬಿಎಸ್ ವರ್ಷಗಳ ಕಾಲ ಎಂಕೆವಿಯನ್ನೇ ಮುಂದೆ ಮಾಡುತ್ತಿತ್ತು. ಕಾರಣ ತಿಳಿಯಲು ಮದುವೆಮನೆಯಲ್ಲಿ ಮುಯ್ಯಿ ಬರೆದುಕೊಳ್ಳುವವರನ್ನು ನೆನೆಸಿಕೊಳ್ಳಿ. ಒಬ್ಬ ಕವರುಗಳನ್ನೆಲ್ಲ ಚೀಲಕ್ಕೆ ತುಂಬಿಕೊಂಡು, ಯಾರದ್ದು ಯಾವುದೆಂಬ ಪಟ್ಟಿಯನ್ನು ಮನಸ್ಸಿನಲ್ಲೇ ಇಟ್ಟುಕೊಂಡು ಊಟವಾದ ಮೇಲೆ ಬರೆಯುತ್ತಾನೆ. ಇನ್ನೊಬ್ಬ ಬಂದ ಬಂದ ಹಾಗೆ ಪುಸ್ತಕಕ್ಕೆ ಏರಿಸುತ್ತಾನೆ. ಮೊದಲನೆಯವನೇ ಎಂಪಿ4. ಯಾವ ತುಣುಕು ಎಲ್ಲಿದೆಯೆಂಬ ಸೂಚಿಯನ್ನು ಅದು ಕಟ್ಟಕಡೆಗೆ ಬರೆಯುತ್ತದೆ. ಅಷ್ಟರಲ್ಲಿ ಕರೆಂಟು ಹೋಯಿತೋ, ಕವರುಗಳೆಲ್ಲ ಚೀಲದಲ್ಲೇ ಇವೆ, ಲೆಕ್ಕ ಹೇಳುವವನಿಲ್ಲ. ಕಡತ ತೆರೆಯುವುದೇ ಇಲ್ಲ. ಎಂಕೆವಿ ಎರಡನೆಯವನು, ಕರೆಂಟು ಹೋದ ಗಳಿಗೆಯವರೆಗಿನದು ಸಿಕ್ಕುತ್ತದೆ. ಯುಪಿಎಸ್ ಇಲ್ಲದ ಮನೆಗಳಲ್ಲಿ, ಬೇಸಿಗೆಯ ಲೋಡ್ ಶೆಡ್ಡಿಂಗಿನಲ್ಲಿ, ಯಾರನ್ನು ಕೂರಿಸಬೇಕೆಂದು ಬಿಡಿಸಿ ಹೇಳಬೇಕಿಲ್ಲ.

ಎಂಪಿ4 ಬೇಕೇ ಬೇಕೆಂದರೆ ಫೈಲ್ ಮೆನುವಿನಲ್ಲಿ ರಿಮಕ್ಸ್ ಎಂಬುದಿದೆ. ಚಿತ್ರವನ್ನಾಗಲಿ ದನಿಯನ್ನಾಗಲಿ ಮತ್ತೆ ಬೇಯಿಸದೆ ಪಾತ್ರೆ ಮಾತ್ರ ಬದಲಿಸುವ ಕೆಲಸ; ಬೇಗ ಮುಗಿಯುತ್ತದೆ, ಗುಣಮಟ್ಟವೂ ಇಳಿಯುವುದಿಲ್ಲ. 2024ರಲ್ಲಿ ಬಂದ 30.2ನೇ ಆವೃತ್ತಿಯಿಂದ ಹೈಬ್ರಿಡ್ ಎಂಪಿ4 ಎಂಬ ರಾಜಿಸೂತ್ರವೂ ಇದೆ: ನಡುನಡುವೆ ಬರೆದುಕೊಳ್ಳುತ್ತ, ಕೊನೆಗೆ ಎಲ್ಲರಿಗೂ ಒಪ್ಪಿಗೆಯಾಗುವ ಸೂಚಿಯನ್ನೂ ಕೊಡುತ್ತದೆ.

ಮೇಷ್ಟ್ರ ಕೊನೆಯ ತಕರಾರು ಪೆನ್‌ಡ್ರೈವಿನದು. 32 ಜಿಬಿಯ ಡ್ರೈವು, ಒಳಗೆ ಏನೂ ಇಲ್ಲ, ಆದರೂ ಐದು ಜಿಬಿಯ ಪಾಠವನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಎಫ್ಎಟಿ32 ವ್ಯವಸ್ಥೆಯ ಡ್ರೈವುಗಳಲ್ಲಿ ಒಂದು ಕಡತ 4 ಜಿಬಿ ಮುಟ್ಟುವಂತಿಲ್ಲ, ಜಾಗ ಎಷ್ಟೇ ಇರಲಿ. ಸೆಕೆಂಡಿಗೆ 2500 ಕಿಲೊಬಿಟ್‌ನಂತೆ ರೆಕಾರ್ಡ್ ಮಾಡಿದರೆ ಚಿತ್ರಕ್ಕೇ ಗಂಟೆಗೆ 1.1 ಜಿಬಿ ಆಗುತ್ತದೆ, ಸ್ಲೈಡಿನ ಪಾಠಕ್ಕೆ ಅಷ್ಟು ಧಾರಾಳ. ಮೇಷ್ಟ್ರು ಅದನ್ನು ಹತ್ತು ಸಾವಿರಕ್ಕೆ ಏರಿಸಿದ್ದರು. “ಪಾಠ ಚೆನ್ನಾಗಿ ಕಾಣಲಿ ಅಂತ” ಎಂದರು. ಕಪ್ಪು ಹಲಗೆಯ ಮೇಲೆ ಸವೆದ ಸೀಮೆಸುಣ್ಣದಲ್ಲಿ ಮೂವತ್ತು ವರ್ಷ ಬರೆದವರಿಗೆ ಇಷ್ಟಾದರೂ ವೈಭವ ಬೇಡವೇ ಎಂದು ನಾವೂ ಸುಮ್ಮನಾದೆವು.

ಇನ್ನು ಓದುಗರಲ್ಲೊಂದು ಬಿನ್ನಹ. ರೆಕಾರ್ಡ್ ಮಾಡಿದ್ದು ಕಾಣುತ್ತಿಲ್ಲವೆಂದು ಗಾಬರಿಯಾಗಿ ಅಂಗಡಿಗೆ ಓಡಬೇಡಿ, ಅಕ್ಕಪಕ್ಕದ ಮನೆಯ ಹುಡುಗರನ್ನು ರಾತ್ರಿ ಎಬ್ಬಿಸಬೇಡಿ. ಒಬಿಎಸ್‌ನ ಫೈಲ್ ಮೆನು ತೆರೆಯಿರಿ. ಅದರ ಮೊದಲ ಸಾಲೇ ಶೋ ರೆಕಾರ್ಡಿಂಗ್ಸ್. ಒತ್ತಿದರೆ ಕಡತಗಳಿರುವ ಫೋಲ್ಡರು ತಾನಾಗಿ ತೆರೆದುಕೊಳ್ಳುತ್ತದೆ.